ಮೂಗು ಮುರಿಯದವಳು

ಜನವರಿ 28, ಬುಧವಾರ

ನನಗೆ ವಾಸನೆ ಬರುವುದಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಜ್ವರ ಬಂದಿತ್ತು, ಹೋಗುವಾಗ ಮೂಗನ್ನೂ ಕೊಂಡೊಯ್ದಿತು. ಕಾಫಿ, ಹೂವು, ಸತ್ತ ಇಲಿ, ಎಲ್ಲವೂ ಗಾಜಿನ ಆಚೆ ಇದ್ದ ಹಾಗೆ. ಕಾಣುತ್ತವೆ, ಅಷ್ಟೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಸುಳ್ಳು ನನಗೆ ಆಗಿಬರುವುದಿಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಮಾಡದ ತಪ್ಪಿಗೆ ಕ್ಷಮೆ ಕೇಳಿ ಬರೆದು ಸಹಿ ಹಾಕು ಎಂದರು. ಹಾಕಲಿಲ್ಲ. ಮಾರನೆಯ ದಿನದಿಂದ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಕಾರು ತೊಳೆಯುವ ಕೆಲಸ, ಪಿಜ್ಜಾ ಅಂಗಡಿ, ಗೋದಾಮು. ಎಲ್ಲೂ ನಿಲ್ಲಲಿಲ್ಲ. ಈ ಟೊಲೀಡೊ ಊರನ್ನೇ ಬಿಡುತ್ತೇನೆ ಎಂದು ಪ್ರತಿ ಚಳಿಗಾಲದಲ್ಲೂ ಅಂದುಕೊಳ್ಳುತ್ತೇನೆ.

ಮೂಗಿನ ಸಂಗತಿ ಇವತ್ತೇ ಬರೆಯಲು ಕಾರಣ ಪಿಂಕ್ನಿಯವರು ಹೇಳಿದ ಒಂದು ಮಾತು.

ನನ್ನ ಅಜ್ಜಿಗೆ ಲಗ್ರೇಂಜ್ ಬೀದಿಯಲ್ಲಿ ಬಾಡಿಗೆ ಮನೆಗಳ ಒಂದು ಇಟ್ಟಿಗೆ ಕಟ್ಟಡವಿದೆ. ಪೋಲಿಷ್ ಮನೆಗಳಲ್ಲಿ ಕರೆಯುವ ಹಾಗೆ ನಾವು ಅವಳನ್ನು ಬೂಶಾ ಎನ್ನುತ್ತೇವೆ. ಬಾಡಿಗೆಯವರೂ ಹಾಗೇ ಕರೆಯುತ್ತಾರೆ. ಯಾರಾದರೂ ಬಿಟ್ಟುಹೋದ ಮನೆಗೆ ಮೊದಲು ಕಾಲಿಡುವವಳು ನಾನು. ಕೊಳೆತ ಫ್ರಿಜ್ಜು, ಬೆಕ್ಕಿನ ಮರಳಿನ ತಟ್ಟೆ, ಯಾವುದಕ್ಕೂ ನಾನು ಹೇಸುವುದಿಲ್ಲ. 'ನಮ್ಮ ಮಾಗ್ದಾಳ ಹೊಟ್ಟೆ ಕಬ್ಬಿಣದ್ದು' ಎಂದು ಬೂಶಾ ಚರ್ಚಿನ ಹೆಂಗಸರ ಮುಂದೆ ಹೊಗಳುತ್ತಾಳೆ.

ಎರಡನೇ ಮಹಡಿಯಲ್ಲಿದ್ದ ಲಾಯ್ಡ್ ಪಿಂಕ್ನಿಯವರು ಗಾಜಿನ ಕಾರ್ಖಾನೆಯ ಗದ್ದಲದಲ್ಲಿ ದುಡಿದು ಕಿವಿ ಕಳೆದುಕೊಂಡವರು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ಬಾಗಿಲಿನ ಗಂಟೆ, ಫೋನು, ಹೊಗೆಯ ಅಲಾರಂ, ಎಲ್ಲಕ್ಕೂ ಅವರ ನಾಯಿ ಗ್ರೇವಿಯೇ ಕಿವಿ. ಸದ್ದಾದರೆ ಅದು ಹೋಗಿ ಅವರ ಮೊಣಕಾಲಿಗೆ ಮೂತಿಯಿಂದ ತಟ್ಟುತ್ತದೆ. ಅವರು 'ಗೊತ್ತಾಯ್ತು, ಗೊತ್ತಾಯ್ತು' ಎನ್ನುತ್ತಾ ಏಳುತ್ತಾರೆ. ಕಳೆದ ವರ್ಷದಿಂದ ಅವರು ಮನೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೀಟರಿನ ಫಿಲ್ಟರ್ ಬದಲಿಸಲು ನನ್ನನ್ನು ಮಾತ್ರ ಬಿಡುತ್ತಿದ್ದರು.

ಕ್ರಿಸ್‌ಮಸ್ಸಿಗೆ ಮುಂಚೆ ಬಚ್ಚಲಲ್ಲಿ ಬಿದ್ದರು. ಒಬ್ಬರೇ ಇರಕೂಡದು ಎಂದು ಡಾಕ್ಟರು ಹೇಳಿದ ಮೇಲೆ, ಇವತ್ತು ಲಿಂಡೆನ್ ಕೋರ್ಟ್ ಎಂಬ ವೃದ್ಧರ ವಸತಿಗೆ ಹೊರಟರು.

"ಮರಿ," ಎಂದರು ಕೀಲಿ ಕೊಡುತ್ತಾ, ಬೀದಿಗೆಲ್ಲ ಕೇಳುವ ಹಾಗೆ. ಅವರ ದನಿಗೆ ಅಳತೆಯಿಲ್ಲ. "ಈ ಮನೆಗೆ ಬಂದೋರಲ್ಲಿ ಮೂಗು ಮುರೀದೇ ಇದ್ದೋಳು ನೀನೊಬ್ಳೇ. ನಿಮ್ಮಮ್ಮ ನಿನ್ನ ಚೆನ್ನಾಗಿ ಬೆಳೆಸಿದಾಳೆ."

"ನಮ್ಮಮ್ಮ ನನ್ನ ಬೆಳೆಸೇ ಇಲ್ಲ," ಎಂದೆ.

"ಹಾಗಾದ್ರೆ ಆ ಮುದುಕಿಗೆ ಸಲ್ಲಬೇಕು. ಅವಳಿಗೆ ಹೇಳ್ಬೇಡ, ಬಾಡಿಗೆ ಏರಿಸ್ತಾಳೆ."

ಮೂಗಿನ ಸಂಗತಿ ಹೇಳಲು ಬಾಯಿ ತೆರೆದೆ. ವ್ಯಾನು ಬಂತು. ಮುಂದಿನ ಸಲ ಹೇಳಲೇಬೇಕು. ಇಲ್ಲದ ಗುಣಕ್ಕೆ ಹೊಗಳಿಸಿಕೊಳ್ಳುವುದೂ ಕಳ್ಳತನವೇ.

ಗ್ರೇವಿಯನ್ನು ಲಿಂಡೆನ್ ಕೋರ್ಟಿನವರು ಇನ್ನೂ ಒಳಗೆ ಬಿಟ್ಟಿಲ್ಲ. ನಾಯಿ ಎಂಥದ್ದು ಎಂದು ಹಳೆಯ ಮನೆಯ ಮಾಲೀಕರು ಹೇಳಿದ ಮೇಲೆ ಬಿಡುತ್ತಾರಂತೆ. ಅಲ್ಲಿಯವರೆಗೆ ಅದು ನೆಲಮಾಳಿಗೆಯ ನನ್ನ ಕೋಣೆಯಲ್ಲಿ ಇರುತ್ತದೆ.

ಜನವರಿ 30, ಶುಕ್ರವಾರ

ಪಿಂಕ್ನಿಯವರ ಮನೆ ಬೇಯಿಸಿದೆವು. ಬೂಶಾಳ ಪದ್ಧತಿ ಅದು. ಕಿಟಕಿಗಳನ್ನೆಲ್ಲ ಮುಚ್ಚಿ, ಹೀಟರನ್ನು ತುದಿಗೆ ತಿರುಗಿಸಿ, ಒಂದು ಹಗಲು ಒಂದು ರಾತ್ರಿ ಬಿಡುವುದು. ಕಾರ್ಪೆಟ್ಟಿನ ಒಳಗೆ ಅಡಗಿದ್ದೆಲ್ಲ ಮೇಲೇಳುತ್ತದಂತೆ. ಬೆಳಿಗ್ಗೆ ಅವಳು ಬಾಗಿಲು ತೆರೆದವಳು ಒಂದು ಹೆಜ್ಜೆ ಹಿಂದೆ ಸರಿದು ಶಿಲುಬೆಯ ಗುರುತು ಮಾಡಿಕೊಂಡಳು.

"ನಾಯಿ," ಎಂದಳು.

ನಾನು ಒಳಗೆ ಹೋಗಿ ನಿಂತೆ. ಸೆಕೆ ಇತ್ತು.

"ಹೇಗೆ ನಿಂತಿದೀಯೇ ಅಲ್ಲಿ? ನನ್ನ ಕಣ್ಣಲ್ಲಿ ನೀರು ಬರ್ತಿದೆ." ಗೋಡೆ ಹಿಡಿದು ಶುರುಮಾಡಿದಳು. "ಬೆಕ್ಕು ಸಾಕಿದೋರ ಹತ್ರ ಬೆಕ್ಕಿನ ಡಿಪಾಸಿಟ್ ತಗೋತೀನಿ. ಈ ನಾಯಿಗೆ ತಗೊಳ್ಳೋ ಹಾಗಿಲ್ಲ. ಕಾನೂನು. ಇದು ಸಾಕಿದ್ದಲ್ವಂತೆ, ಊರುಗೋಲು ಇದ್ದ ಹಾಗಂತೆ. ಊರುಗೋಲು ಉಚ್ಚೆ ಹೊಯ್ಯುತ್ತೇನೇ?"

"ಹಾನಿ ಆಗಿದ್ರೆ ಮಾಮೂಲಿ ಡಿಪಾಸಿಟ್‌ನಲ್ಲಿ ಹಿಡ್ಕೋಬಹುದಲ್ಲ?"

"ಹಿಡ್ಕೊಳ್ದೇ ಬಿಡ್ತೀನಾ? ಎಲ್ಲೆಲ್ಲಿ ಅಂತ ನೋಡಿ ಹೇಳು."

ಪರದೆ ಎಳೆದು ಕತ್ತಲೆ ಮಾಡಿ ನೀಲಿ ಟಾರ್ಚು ಹಾಕಿದೆ. ಉಚ್ಚೆ ಬಿದ್ದ ಜಾಗ ಆ ಬೆಳಕಿಗೆ ಹಳದಿಯಾಗಿ ಹೊಳೆಯುತ್ತದೆ. ನನಗೆ ಇದೇ ಮೂಗು. ನಾಯಿ ಇದ್ದ ಮನೆಗಳನ್ನು ತುಂಬ ನೋಡಿದ್ದೇನೆ. ಮೂಲೆಗಳು, ಬಾಗಿಲ ಪಕ್ಕ, ಕುರ್ಚಿಯ ಕಾಲು, ಅಲ್ಲೆಲ್ಲ ಹೊಳೆಯಬೇಕು. ಇಲ್ಲಿ ಮೂಲೆಗಳಲ್ಲಿ ಏನೂ ಇಲ್ಲ. ಪಿಂಕ್ನಿಯವರ ಒರಗುಕುರ್ಚಿ ಇದ್ದ ಕಡೆ ಒಂದು ದೊಡ್ಡ ಮಚ್ಚೆ. ಅಲ್ಲಿಂದ ಹನಿಹನಿಯಾಗಿ ಒಂದು ಗೆರೆ. ಮಲಗುವ ಕೋಣೆಯಿಂದ ಇನ್ನೊಂದು. ಎರಡೂ ಗೆರೆಗಳು ಬಚ್ಚಲ ಬಾಗಿಲಿಗೆ ಹೋಗಿ ಅಲ್ಲಿ ಅಗಲವಾಗಿದ್ದವು.

ಬಚ್ಚಲಿಗೆ ಓಡುವ ನಾಯಿ ಇಲ್ಲ.

ಟಾರ್ಚು ಆರಿಸಿ ಪರದೆ ಸರಿಸಿದೆ. ಗ್ರೇವಿ ಬಾಗಿಲಾಚೆ ಕಾಯುತ್ತಿತ್ತು.

ಫೆಬ್ರುವರಿ 1, ಭಾನುವಾರ

ಬೂಶಾಗೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವಳು ಹುಳಿ ಎಲೆಕೋಸು ಕಲಕುತ್ತಿದ್ದವಳು ಸೌಟು ನಿಲ್ಲಿಸಿದಳು.

"ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಿಮ್ಮ ತಾತನ ಕಡೇ ವರ್ಷ ಅವರ ಹಾಸಿಗೆ ಒಗೆದೋಳು ಯಾರು?"

"ಮತ್ತೆ ಡಿಪಾಸಿಟ್ ಹಿಡ್ಕೊಳ್ಳೋ ಪತ್ರದಲ್ಲಿ ನಾಯಿ ಅಂತ ಯಾಕೆ ಬರೀತೀಯಾ?"

"ಏನು ಬರೀಲಿ? ಸ್ವಾಮಿ, ತಾವು ಕಾರ್ಪೆಟ್ ಮೇಲೆ ಉಚ್ಚೆ ಹೊಯ್ಕೊಂಡಿದೀರಿ, ಹಣ ಹಿಡ್ಕೊಂಡಿದೀನಿ, ಅಂತ ಬರೀಲಾ? ಕಾರ್ಖಾನೆಯಲ್ಲಿ ಮೇಸ್ತ್ರಿ ಆಗಿದ್ದೋರು ಕಣೇ ಅವರು. ಈ ಬೀದೀಲಿ ಯಾರೂ ಹಾಗೆ ಬರೆಯಲ್ಲ. ನಾಯಿ ಇದ್ರೆ ನಾಯಿ, ಬೆಕ್ಕಿದ್ರೆ ಬೆಕ್ಕು, ಎರಡೂ ಇಲ್ದಿದ್ರೆ ಪೈಪು ಸೋರ್ತು ಅಂತ ಬರೀತೀವಿ. ಅವರಿಗೂ ಅರ್ಥ ಆಗುತ್ತೆ, ನನಗೂ ಅರ್ಥ ಆಗುತ್ತೆ."

"ಅದು ಸುಳ್ಳು."

"ಅದು ಮರ್ಯಾದೆ. ಶಾಲೇಲಿ ಇದ್ದಿದ್ರೆ ಕಲೀತಿದ್ದೆ."

"ಶಾಲೇಲಿ ಇದನ್ನೇ ಕಲಿಸ್ತಿದ್ರು. ಅದಕ್ಕೇ ಬಿಟ್ಟೆ."

ಪತ್ರ ಲಿಂಡೆನ್ ಕೋರ್ಟಿನ ವಿಳಾಸಕ್ಕೆ, ಪಿಂಕ್ನಿಯವರ ಹೆಸರಿಗೆ ಹೋಯಿತು. ನಾಯಿಯಿಂದ ಆದ ಹಾನಿ, ಕಾರ್ಪೆಟ್ಟು ಪೂರ್ತಿ ಬದಲಿಸಬೇಕು. ಎಲೆಕೋಸು ತಿನ್ನದೆ ಕೆಳಗೆ ಬಂದೆ.

ಫೆಬ್ರುವರಿ 5, ಗುರುವಾರ

ಹಾಲು ಕಾಯಲು ಇಟ್ಟು ಸ್ನಾನಕ್ಕೆ ಹೋಗಿದ್ದೆ, ಮರೆತೇಬಿಟ್ಟೆ. ಗ್ರೇವಿ ಬಚ್ಚಲ ಬಾಗಿಲು ಕೆರೆಯಿತು. ತೆರೆದರೆ ಮೊಣಕಾಲಿಗೆ ತಟ್ಟಿ ಒಲೆಯ ಕಡೆ ಓಡಿತು. ಅಲಾರಂ ಕೂಗುತ್ತಿತ್ತು, ಕೋಣೆಯೆಲ್ಲ ಹೊಗೆ, ಪಾತ್ರೆ ಕರಕಲು. ನೀರಿನ ಸದ್ದಿನಲ್ಲಿ ಕಿವಿಗೆ ಬೀಳಲಿಲ್ಲ. ಮೂಗು ಇದ್ದವರಿಗೆ ಆ ಮೊದಲೇ ತಿಳಿಯುತ್ತಿತ್ತೇನೋ.

ಫೋನು ಬಂದರೂ ತಟ್ಟುತ್ತದೆ, ಮೇಲಿನವರ ಬಾಗಿಲ ಗಂಟೆಗೂ ತಟ್ಟುತ್ತದೆ. ನನಗೆ ಕೇಳಿಸುತ್ತದೆ ಎಂದು ಅದಕ್ಕೆ ಹೇಗೆ ತಿಳಿಸುವುದು? 'ಗೊತ್ತಾಯ್ತು, ಗೊತ್ತಾಯ್ತು' ಎನ್ನುತ್ತೇನೆ. ಆಮೇಲೆ ಸುಮ್ಮನಾಗುತ್ತದೆ.

ಫೆಬ್ರುವರಿ 8, ಭಾನುವಾರ

ಪಿಂಕ್ನಿಯವರನ್ನು ನೋಡಲು ಹೋದೆ. ಗ್ರೇವಿಯನ್ನು ಹೊರಗೆ ಕಟ್ಟಬೇಕಾಯಿತು. ಬೂಶಾಳ ಪತ್ರವನ್ನು ಅಲ್ಲಿನ ಮೇಲ್ವಿಚಾರಕಿ ಮಿಸೆಸ್ ಟ್ಯಾಲಿ ನೋಡಿದ್ದಾಳೆ. ಮನೆ ಹಾಳು ಮಾಡುವ ನಾಯಿ ಎಂದು ಹಳೆಯ ಮಾಲೀಕರೇ ಬರೆದಿರುವಾಗ ಒಳಗೆ ಬಿಡಲಾಗದು, ಬುಧವಾರದೊಳಗೆ ಬೇರೆ ಏನಾದರೂ ಸಮಜಾಯಿಷಿ ಇದ್ದರೆ ಕೊಡಿ ಎಂದಿದ್ದಾಳೆ.

"ನೀವೇನು ಹೇಳಿದ್ರಿ?"

"ಏನೂ ಹೇಳಲಿಲ್ಲ."

"ಅದು ನಾಯಿ ಮಾಡಿದ್ದಲ್ಲ, ಮಿಸ್ಟರ್ ಪಿಂಕ್ನಿ. ನಾನು ನೋಡಿದೀನಿ."

ಅವರ ಮುಖ ಕೆಂಪಾಯಿತು. ಪಿಸುಗುಟ್ಟಲು ಹೋದರು. ಅವರ ಪಿಸುಮಾತೇ ಪಕ್ಕದ ಮೇಜಿನವರೆಲ್ಲ ತಿರುಗಿ ನೋಡುವಷ್ಟು ಜೋರು. ಅದು ಅವರಿಗೂ ಗೊತ್ತಾಯಿತು. ಕೋಟು ಹಾಕಿಕೊಂಡು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಕಾರು ನಿಲ್ಲಿಸುವ ಬಯಲಿನಲ್ಲಿ ಹಿಮ ತಳ್ಳುವ ಯಂತ್ರ ಗರಗರ ಎನ್ನುತ್ತಿತ್ತು. ಅದರ ಪಕ್ಕದಲ್ಲೇ ನಿಂತರು. ಸದ್ದು ಅವರಿಗೆ ಕೇಳದು. ಬೇರೆ ಯಾರಿಗೂ ತಮ್ಮ ಮಾತು ಕೇಳದಿರಲೆಂದು, ನೆಲದ ನಡುಕ ನೋಡಿ ಆರಿಸಿಕೊಂಡ ಜಾಗ. ಗ್ರೇವಿ ಅವರ ಬೂಟಿನ ಮೇಲೆ ಕೂತುಬಿಟ್ಟಿತು.

"ಮೇಲೆ ಮೂರನೇ ಮಹಡಿ ಅಂತ ಒಂದಿದೆ," ಎಂದರು. "ತಡ್ಕೊಳ್ಳೋಕಾಗ್ದೇ ಇರೋರನ್ನ ಅಲ್ಲಿಗೆ ಹತ್ತಿಸ್ತಾರೆ. ಅಲ್ಲಿ ನಾಯಿ ಇಲ್ಲ. ನಾಯಿನ ಹೊರಗೆ ಕರ್ಕೊಂಡು ಹೋಗೋ ಶಕ್ತಿ ಇದ್ದೋರಿಗೆ ಮಾತ್ರ ನಾಯಿ. ಅಲ್ಲಿಂದ ಇಳಿದು ಬಂದೋರನ್ನ ನಾನಂತೂ ನೋಡಿಲ್ಲ."

"ನಾಯಿ ಮಾಡ್ತು ಅಂದ್ರೂ ನಾಯಿ ಬಿಡಲ್ಲ."

"ಗೊತ್ತು."

"ನೀವು ಮಾಡಿದ್ದು ಅಂದ್ರೂ ಬಿಡಲ್ಲ."

"ಗೊತ್ತು ಮರಿ. ಅದಕ್ಕೇ ಬಾಯಿ ಮುಚ್ಕೊಂಡಿದೀನಿ. ನೀನೂ ಮುಚ್ಕೊ."

"ನಂಗೆ ಹಾಗೆ ಆಗಲ್ಲ."

"ಗೊತ್ತಿದೆ," ಎಂದರು. "ಫಿಲ್ಟರ್ ಬದಲಿಸೋಕೆ ಬಂದಾಗ ನನ್ನ ವಿಗ್ ವಕ್ರ ಇದೆ ಅಂದೋಳು ನೀನು. ಅದು ನನ್ನ ಸ್ವಂತ ಕೂದಲು."

ನಗಲು ಆಗಲಿಲ್ಲ. ಅವರು ಬಗ್ಗಿ ಗ್ರೇವಿಯ ಕಿವಿ ಸವರುತ್ತಾ ಅದರ ಮುಖ ನೋಡದೆ ಏನೋ ಹೇಳಿದರು. ಯಂತ್ರದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಮೂಗಿನ ಸಂಗತಿ ಹೇಳುವುದು ಮರೆತೇಹೋಯಿತು.

ಫೆಬ್ರುವರಿ 10, ಮಂಗಳವಾರ

ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಸುಲಭ ಎಂದುಕೊಂಡಿದ್ದೆ. ಟ್ಯಾಲಿಯ ಮುಂದೆ ಕೂತು ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಹೇಳಿ ನೋಡಿದೆ. ಅದು ನಿಜ. ಆದರೂ ಹೇಳಿ ಮುಗಿಸಿದಾಗ ಕನ್ನಡಿಯಲ್ಲಿದ್ದ ಹುಡುಗಿ ಚಾಡಿ ಹೇಳಿ ಬಂದವಳ ಹಾಗೆ ಕಾಣುತ್ತಿದ್ದಳು.

ಗ್ರೇವಿ ಊಟ ಬಿಟ್ಟಿದೆ.

ಫೆಬ್ರುವರಿ 11, ಬುಧವಾರ

ಲಿಂಡೆನ್ ಕೋರ್ಟಿಗೆ ಹೋಗಿ ಬಂದೆ. ಮಿಸೆಸ್ ಟ್ಯಾಲಿ ಕೆಟ್ಟವಳಲ್ಲ. ಕಾಫಿ ಕೊಟ್ಟಳು. ಬಿಸಿಯಿತ್ತು.

"ಖಾಲಿ ಮನೆ ನೋಡೋದು ನೀನೇನಾ? ಪತ್ರದಲ್ಲಿ ನಾಯಿ ಅಂತಿದೆ."

"ತಪ್ಪಾಗಿದೆ. ಬೆಕ್ಕಿಂದು. ಮಿಸ್ಟರ್ ಪಿಂಕ್ನಿಗಿಂತ ಮುಂಚೆ ಇದ್ದೋರು ಸಾಕಿದ್ದು. ಕಾರ್ಪೆಟ್ ಬದಲಿಸಿರಲಿಲ್ಲ."

"ಅಷ್ಟು ಖಾತ್ರಿ ಹೇಗೆ ಹೇಳ್ತೀಯಾ?"

"ಮಂಡಿಯೂರಿ ಮೂಸಿ ನೋಡಿದೀನಿ, ಮೇಡಂ. ನಾಯಿ ವಾಸನೆ ಬೇರೆ, ಬೆಕ್ಕಿನ ವಾಸನೆ ಬೇರೆ. ಒಂದ್ಸಲ ಮೂಗಿಗೆ ಹತ್ತಿದ್ರೆ ಮರೆಯೋಕಾಗಲ್ಲ."

ಬರೆದು ಸಹಿ ಹಾಕಿಕೊಡು ಎಂದಳು. ಹಾಕಿಕೊಟ್ಟೆ.

ಬಸ್ಸು ತಡವಾಯಿತು. ಬರುವಾಗ ಗ್ರೇವಿಗೆ ಬಿಸ್ಕತ್ತು ತಂದೆ. ತಿಂದಿತು.

ಫೆಬ್ರುವರಿ 12, ಗುರುವಾರ

ಟ್ಯಾಲಿ ಬೂಶಾಗೆ ಫೋನು ಮಾಡಿ ಕೇಳಿದ್ದಾಳೆ. ಬೂಶಾ ಮೆಟ್ಟಿಲಿಳಿದು ನನ್ನ ಕೋಣೆಗೇ ಬಂದಳು. ಮಂಡಿನೋವು ಅಂತ ಇಳಿಯದೆ ವರ್ಷವಾಗಿತ್ತು.

"ಬೆಕ್ಕಂತೆ. ಬೆಕ್ಕಿನ ಉಚ್ಚೆ ಮೇಲೆ ಜನರನ್ನ ಬಾಡಿಗೆಗೆ ಕೂರಿಸ್ತೀನಿ ನಾನು, ಅಂತ ಸಾರಿ ಬಂದಿದೀಯಾ."

"ನೀನೇನಂದೆ ಅವಳಿಗೆ?"

"ಏನನ್ನಲಿ? ನನಗೆ ವಯಸ್ಸಾಯ್ತು, ನಮ್ಮ ಮೊಮ್ಮಗಳ ಮೂಗು ಚುರುಕು, ಅವಳು ಹೇಳಿದ್ದೇ ಸರಿ ಅಂದೆ. ಡಿಪಾಸಿಟ್ ಪೂರ್ತಿ ವಾಪಸ್ ಕಳಿಸ್ಬೇಕು ಈಗ." ಹಾಸಿಗೆಯ ಅಂಚಿನಲ್ಲಿ ಕೂತು ಮಂಡಿ ತಿಕ್ಕಿಕೊಂಡಳು. "ನಿನ್ನ ಮೂಗು."

ನಾನು ಗ್ರೇವಿಯ ಬಟ್ಟಲಿಗೆ ನೀರು ತುಂಬಿದೆ.

"ಹನ್ನೊಂದು ವರ್ಷದೋಳಾಗಿಂದ ಕೆಟ್ಟ ಹಾಲು ಕುಡೀತಾ ಬಂದಿದೀಯಾ. ನಾನೇನು ಕುರುಡೀನಾ? ಮತ್ಯಾಕೆ ನಿನ್ನನ್ನ ಮೊದಲು ಒಳಗೆ ಕಳಿಸ್ತಿದ್ದೆ ಅಂದ್ಕೊಂಡೆ?"

"ಕೇಳ್ಬಹುದಿತ್ತಲ್ಲ ನೀನು."

"ಹೇಳ್ಬಹುದಿತ್ತಲ್ಲ ನೀನು."

ಗ್ರೇವಿ ಅವಳ ಮೊಣಕಾಲಿಗೆ ತಟ್ಟಿತು. ಮೇಲೆ ಅವಳ ಮನೆಯ ಫೋನು ಬಡಿದುಕೊಳ್ಳುತ್ತಿತ್ತು.

ಫೆಬ್ರುವರಿ 17, ಮಂಗಳವಾರ

ಗ್ರೇವಿಯನ್ನು ಲಿಂಡೆನ್ ಕೋರ್ಟಿನಲ್ಲಿ ಬಿಟ್ಟು ಬಂದೆ. ನಾಳೆಯಿಂದ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಬೂಶಾ ಬೆಳಗಿನಿಂದ ಜ್ಯಾಮ್ ತುಂಬಿದ ಪೂಂಚ್ಕಿ ಕರಿದು ಒಂದು ಡಬ್ಬಿ ಪಿಂಕ್ನಿಯವರಿಗೂ ಕೊಟ್ಟಿದ್ದಳು. ಅವರು ತುಟಿಗೆಲ್ಲ ಸಕ್ಕರೆ ಮೆತ್ತಿಕೊಂಡು ತಿಂದರು. ನಾನು ಟ್ಯಾಲಿಗೆ ಏನು ಹೇಳಿದೆ ಎಂದು ಅವರು ಕೇಳಲಿಲ್ಲ. ಯಾರೋ ಅಡುಗೆಮನೆಯಲ್ಲಿ ಗಂಟೆ ಹೊಡೆದರು, ಗ್ರೇವಿ ಅವರ ಕಾಲಿಗೆ ತಟ್ಟಿತು. "ಗೊತ್ತಾಯ್ತು, ಗೊತ್ತಾಯ್ತು," ಎಂದು ಎದ್ದರು.

ಅವರ ಕುರ್ಚಿಯ ದಿಂಬಿನ ಕೆಳಗೆ ಮಡಿಸಿದ ಟವೆಲ್ಲಿತ್ತು. ನೋಡಿದೆ.

ಕೋಣೆ ಖಾಲಿ. ಫೋನು ಬಂದರೆ ಯಾರೂ ತಟ್ಟುವುದಿಲ್ಲ.

ಮಾರ್ಚ್ 5, ಗುರುವಾರ

ಟ್ಯಾಲಿ ಫೋನು ಮಾಡಿದ್ದಳು.

ಪಿಂಕ್ನಿಯವರ ಕೋಣೆಯ ನೆಲದಲ್ಲಿ ಮೊನ್ನೆ ಒದ್ದೆ ಕಂಡಿತಂತೆ. ಇವತ್ತು ಮತ್ತೆ. ಇನ್ನು ನಾಯಿಯನ್ನು ಇಡಲಾಗದು, ಅದನ್ನು ಪಳಗಿಸಿದ ಸಂಸ್ಥೆಗೆ ಬರೆಯುತ್ತೇನೆ ಎಂದು ಟ್ಯಾಲಿ ಊಟದ ಮನೆಯಲ್ಲಿ ಪಿಂಕ್ನಿಯವರ ಎದುರು ನಿಂತು ತಿಳಿಸಿದ್ದಾಳೆ. ಹಾಗೆ ಬರೆದರೆ ಆ ನಾಯಿಯನ್ನು ಮುಂದೆ ಯಾವ ಕಿವುಡರಿಗೂ ಕೊಡುವುದಿಲ್ಲವಂತೆ. ಮನೆ ಸಿಗದಿದ್ದರೆ ಬೀದಿನಾಯಿಗಳ ಜೊತೆ ಗೂಡಿಗೆ.

ಪಿಂಕ್ನಿಯವರು ಚಮಚ ಕೆಳಗಿಟ್ಟರಂತೆ. "ನಾಯಿಯಲ್ಲ. ನಾನು," ಎಂದರಂತೆ. ಅವರ ದನಿಗೆ ಅಳತೆಯಿಲ್ಲ. ಇಡೀ ಊಟದ ಮನೆಗೆ ಕೇಳಿತು. ತಮ್ಮ ಮಾತು ಯಾರಿಗಾದರೂ ಕೇಳಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದರಂತೆ. "ಆ ಹಳೇ ಮನೇಲೂ ನಾನೇ. ನಾಯಿದು ಒಂದು ಹನಿಯೂ ಇಲ್ಲ. ಹಾಗಂತ ಬರ್ಕೋ."

"ನೀನು ಬೆಕ್ಕು ಅಂದಿದ್ದೆ," ಎಂದಳು ಟ್ಯಾಲಿ.

"ಹೌದು."

"ಮೂಸಿ ನೋಡಿದೆ ಅಂದಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಯಾರಿಗೂ ಗೊತ್ತಾಗ್ಬಾರ್ದು ಅಂತ ಅವರು ಒದ್ದೆ ಬಟ್ಟೇಲೇ ಕೂತಿರ್ತಿದ್ರು. ಕೂತು ಕೂತು ಹುಣ್ಣಾಗಿದೆ. ಕೀವಾಗಿದೆ. ಆವತ್ತೇ ನಿಜ ಹೇಳಿದ್ದಿದ್ರೆ ನಾವು ನೋಡ್ಕೋತಿದ್ವಿ."

 

ಮಾರ್ಚ್ 6, ಶುಕ್ರವಾರ

ಬರೆಯಲಾಗುತ್ತಿಲ್ಲ.

ಮಾರ್ಚ್ 9, ಸೋಮವಾರ

ಪಿಂಕ್ನಿಯವರನ್ನು ಮೂರನೇ ಮಹಡಿಗೆ ಹತ್ತಿಸುವ ದಿನ. ನಾಯಿಯನ್ನು ಪಳಗಿಸಿದ ಸಂಸ್ಥೆ ಕೊಲಂಬಸ್ ಊರಿನಲ್ಲಿದೆ. ಗ್ರೇವಿಯ ಮೇಲೆ ಕಪ್ಪು ಗುರುತಿಲ್ಲ, ಇನ್ನೊಬ್ಬರಿಗೆ ಕೊಡುತ್ತೇವೆ, ಕರೆತನ್ನಿ ಎಂದಿದ್ದಾರೆ. ಒಬ್ಬ ಹೆಂಗಸು ಕಾಯುತ್ತಿದ್ದಾಳಂತೆ, ಎಳೆಯ ಮಗುವಿನ ತಾಯಿ, ಮಗು ಅತ್ತರೆ ಅವಳಿಗೆ ಕೇಳಿಸದು. ಬೂಶಾ ಕಾರಿನ ಕೀಲಿ ಕೊಟ್ಟಿದ್ದಾಳೆ. ಯಾವಾಗ ವಾಪಸು ತರುತ್ತೀಯಾ ಎಂದು ಕೇಳಲಿಲ್ಲ.

ಕೆಳಗೆ ಲಿಫ್ಟಿನ ಮುಂದೆ ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ತೆಳ್ಳಗಾಗಿದ್ದಾರೆ. ಹೊಸ ಪೈಜಾಮ. ಗ್ರೇವಿಯ ಕೊರಳಪಟ್ಟಿಯ ಹಗ್ಗವನ್ನು ತಾವೇ ನನ್ನ ಕೈಗೆ ಸುತ್ತಿದರು.

"ಹೆಸರು ಬದಲಿಸ್ಬೇಡಿ ಅಂತ ಹೇಳು ಅವರಿಗೆ."

"ಹೇಳ್ತೀನಿ."

"ಗಜ್ಜರಿ ಕೊಡಬಹುದು. ಚೀಸ್ ಬೇಡ."

"ಸರಿ."

ಮೊಣಕಾಲಿನ ಮೇಲಿನ ಹೊದಿಕೆ ಸರಿಮಾಡಿಕೊಂಡರು. "ಅಲ್ಲಿ ಮೇಲೆ ಇರೋರೆಲ್ಲ ಕೈಗವಸು ಹಾಕ್ಕೊಂಡು, ಮುಖ ಆ ಕಡೆ ತಿರುಗಿಸ್ಕೊಂಡು ಬರ್ತಾರೆ ಮರಿ. ತಪ್ಪಲ್ಲ, ಅವರ ಕೆಲಸ. ಆದ್ರೂ ಹೇಳ್ತೀನಿ, ಮೂಗು ಮುರೀದೇ ನನ್ನ ಮನೆಗೆ ಬಂದೋಳು ನೀನೊಬ್ಳೇ."

"ನನಗೆ ಯಾವ ವಾಸನೆಯೂ ಬರಲಿಲ್ಲ, ಮಿಸ್ಟರ್ ಪಿಂಕ್ನಿ," ಎಂದೆ.

ನನ್ನ ತುಟಿಯನ್ನೇ ನೋಡುತ್ತಿದ್ದವರು ನಕ್ಕರು. ಎಷ್ಟೋ ದಿನದ ಮೇಲೆ. "ಸುಳ್ಳುಬುರುಕಿ," ಎಂದರು.

ನಾನು ತಿದ್ದಲಿಲ್ಲ.

ಲಿಫ್ಟು ಇಳಿದು ಬಂದು ಟಿಂಗ್ ಎಂದಿತು. ಅವರ ಬೆನ್ನು ಅತ್ತ ಕಡೆಗಿತ್ತು. ಗ್ರೇವಿ ನನ್ನ ಕೈಯ ಹಗ್ಗ ಜಗ್ಗಿಕೊಂಡು ಹೋಗಿ, ಹೊದಿಕೆಯ ಮೇಲಿಂದಲೇ ಅವರ ಮೊಣಕಾಲಿಗೆ ತಟ್ಟಿತು. ಅವರು ಅಲ್ಲಾಡಲಿಲ್ಲ. ಇನ್ನೊಮ್ಮೆ ತಟ್ಟಿ, ಲಿಫ್ಟಿನ ಬಾಗಿಲವರೆಗೆ ಹೋಗಿ, ತಿರುಗಿ ನಿಂತು ಅವರನ್ನು ನೋಡಿತು.

"ಗೊತ್ತಾಯ್ತು," ಎಂದರು ಪಿಂಕ್ನಿಯವರು. "ಗೊತ್ತಾಯ್ತು."

ಕುರ್ಚಿಯನ್ನು ಒಳಗೆ ತಳ್ಳಿದರು. ಬಾಗಿಲು ಮುಚ್ಚಿತು.

ಗ್ರೇವಿ ನನ್ನ ಹಾಸಿಗೆಯ ಪಕ್ಕ ಮಲಗಿದೆ. ನನ್ನ ಬಟ್ಟೆಯೆಲ್ಲ ತುಂಬಿದ ಚೀಲ ಬಾಗಿಲ ಹತ್ತಿರ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ನಾವಿಬ್ಬರೂ ಕೊಲಂಬಸ್ಸಿಗೆ ಹೊರಡುತ್ತೇವೆ.